ಸರಳಿನ ಕೆಳಗೆ ನಿಂತವನು

ರಾಡೊಸ್ಲಾವ್ ಇಂದೂ ಮೇಷ್ಟ್ರ ಕೈಗೆ ಕಾಯಲಿಲ್ಲ. ತಾನೇ ಹಾರಿ ಸರಳು ಹಿಡಿದ.

ಲ್ಯುಬೆನ್ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಸರಳಿನ ಕೆಳಗೆ ತನ್ನ ಜಾಗದಲ್ಲಿ ನಿಂತ. ಒಂದೂವರೆ ಆಳೆತ್ತರದ ಜಿಮ್ನಾಸ್ಟಿಕ್ಸ್ ಸರಳು ಅದು. ಸೊಂಟ ಹಿಡಿದು ಆಟಗಾರನನ್ನು ಅದಕ್ಕೆ ಏರಿಸಿ ಬಿಡುವುದು ಗುರುವಾದವನ ಕೆಲಸ. ಇಪ್ಪತ್ತನಾಲ್ಕು ವರ್ಷ ಲ್ಯುಬೆನ್ ಅದನ್ನು ಪೂಜೆಯಂತೆ ಮಾಡಿಕೊಂಡು ಬಂದಿದ್ದ. ಫೆಬ್ರವರಿಯಿಂದ ಈಚೆಗೆ ರಾಡೊ ಒಲ್ಲೆ ಎನ್ನತೊಡಗಿದ್ದ.

"ನಾನೇನು ಎಳೆಮಗುನಾ ಮೇಷ್ಟ್ರೇ, ಎತ್ತಿ ಕೂರಿಸೋಕೆ?" ಎಂದು ನಕ್ಕಿದ್ದ.

ಆ ನಗು ಮುದುಕನ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು. ಇವನಿಗೆ ತಾನು ಬೇಡವಾದೆ ಎಂದುಕೊಂಡಿದ್ದ. ಹಾಗೆಂದು ನಂಬಿ ಸುಮ್ಮನಾಗುವಂತೆಯೂ ಇರಲಿಲ್ಲ. ಕಳೆದ ವಾರ ಸಂಘದ ಅಸೆನ್ ಬಂದು, ಲ್ಯುಬೆನ್‌ಗೆ ಅರವತ್ತೆಂಟಾಯಿತು, ಸರಳಿನ ಕೆಳಗೆ ಇನ್ಯಾರಾದರೂ ಹರೆಯದವನು ನಿಲ್ಲಲಿ ಎಂದಾಗ, ಇವರಿಲ್ಲದಿದ್ದರೆ ಸರಳನ್ನೇ ಮುಟ್ಟುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದವನೂ ರಾಡೊನೇ.

ಸೋಫಿಯಾದ ಆ ಕ್ರೀಡಾಂಗಣ ಉಸಿರು ಬಿಗಿಹಿಡಿದಿತ್ತು. ಒಲಿಂಪಿಕ್ಸಿಗೆ ಉಳಿದಿದ್ದುದು ಒಂದೇ ಜಾಗ. ಕ್ರೊಯೇಷಿಯಾದ ಹುಡುಗ ಹದಿನಾಲ್ಕೂವರೆ ಅಂಕ ಪಡೆದು, ಟವೆಲ್ಲಿನೊಳಗೆ ಮುಖ ಹುದುಗಿಸಿ ಕುಳಿತಿದ್ದ. ಅದನ್ನು ದಾಟಲು ರಾಡೊನ ಬಳಿ ಇದ್ದದ್ದು ಒಂದೇ ದಾರಿ: ಸರಳು ಬಿಟ್ಟು ಮೇಲೆ ಚಿಮ್ಮಿ, ಅದರ ನೆತ್ತಿಯ ಮೇಲೆ ಎರಡು ಪಲ್ಟಿ ಹೊಡೆದು, ಇಳಿಯುತ್ತ ಮತ್ತೆ ಅದೇ ಸರಳನ್ನು ಹಿಡಿಯುವುದು. ಅವನಿಗೀಗ ಮೂವತ್ತು. ಇನ್ನೊಂದು ಒಲಿಂಪಿಕ್ಸ್ ಅವನ ಮೈಗೆ ಬರೆದಿರಲಿಲ್ಲ.

ರಾಡೊ ಸರಳಿನ ಸುತ್ತ ಮೈ ಬೀಸತೊಡಗಿದ. ಲ್ಯುಬೆನ್ ತಲೆ ಎತ್ತಿದ. ಕೆಳಗೆ ನಿಂತವನು ಬಾಯಿ ಬಿಟ್ಟರೆ ಅಂಕ ಕಡಿತ, ಮುಟ್ಟಿದರೆ ಇನ್ನೂ ಹೆಚ್ಚು. ಏಳು ವರ್ಷದ ಹಿಂದೆ ಯುರೋಪಿನ ಸ್ಪರ್ಧೆಯಲ್ಲಿ ರಾಡೊ ತಲೆಕೆಳಗಾಗಿ ಬಿದ್ದಾಗ ಲ್ಯುಬೆನ್ ಗಾಳಿಯಲ್ಲೇ ಅವನ ಸೊಂಟ ಹಿಡಿದಿದ್ದ. ಪದಕ ಹೋಯಿತು, ಕತ್ತು ಉಳಿಯಿತು. ಆರು ವರ್ಷದ ಮಗುವಾಗಿದ್ದಾಗ ಸರಳಿಗೆ ಜೋತುಬಿದ್ದು ಅಳುತ್ತಿದ್ದವನಿಗೆ, ಬಿಡು ಮಗಾ, ಕೆಳಗೆ ನಾನಿದ್ದೇನೆ ಎಂದಿದ್ದ. ಆ ಮಾತು ಅಂದಿನಿಂದ ಒಮ್ಮೆಯೂ ಸುಳ್ಳಾಗಿರಲಿಲ್ಲ.

ಒಂದು ಸಣ್ಣ ಚಿಮ್ಮು. ಹಿಡಿದ. ಇನ್ನೊಂದು. ಹಿಡಿದ. ಸಭೆ ಗುಂಯ್ ಎಂದಿತು.

ಲ್ಯುಬೆನ್‌ಗೆ ಮಾತ್ರ ಆ ಬೆಳಿಗ್ಗೆಯ ಚರ್ಚು ಕಣ್ಣಿಂದ ಮರೆಯಾಗಲೊಲ್ಲದು. ಪ್ರತಿ ಸ್ಪರ್ಧೆಗೆ ಮುಂಚೆ ಇಬ್ಬರೂ ಮೇಣದಬತ್ತಿ ಹಚ್ಚುವರು. ಭುಜದೆತ್ತರದ ಮೇಲಿನ ತಟ್ಟೆ ಬದುಕಿರುವವರದು, ಕೆಳಗಿನ ಮರಳಿನ ತಟ್ಟೆ ತೀರಿಹೋದವರದು. ರಾಡೊನ ಹೆಸರು ಹೇಳಿ ಹಚ್ಚಿದ ಬತ್ತಿಯನ್ನು ಲ್ಯುಬೆನ್ ಇಂದು ಕೆಳಗಿನ ಮರಳಿಗೆ ನೆಟ್ಟುಬಿಟ್ಟಿದ್ದ. ಹಿಂದೆ ನಿಂತಿದ್ದ ಮುದುಕಿ ಗಾಬರಿಯಿಂದ ಶಿಲುಬೆಯ ಗುರುತು ಹಾಕಿಕೊಂಡಳು. ಕಣ್ಣು ಮಂಜಾಗಿದೆ ಎಂದು ಲ್ಯುಬೆನ್ ಏನೋ ಸಬೂಬು ಗೊಣಗಿದ. ರಾಡೊ ಬತ್ತಿಯನ್ನು ಕಿತ್ತು ಮೇಲಿಟ್ಟ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಸುಳ್ಳು ಹೇಳಿದ್ದು ಚರ್ಚಿನೊಳಗೆ. ಚಳಿಗಾಲದಿಂದ ಮುಚ್ಚಿಟ್ಟುಕೊಂಡ ಮಾತೊಂದು ಲ್ಯುಬೆನ್‌ನಲ್ಲಿತ್ತು. ಪಾದ್ರಿಯ ಮುಂದೆಯೂ ಅದನ್ನು ಬಿಚ್ಚಿರಲಿಲ್ಲ. ತಾಯೀ, ನನ್ನ ಪಾಪವನ್ನು ಅವನ ಮೇಲೆ ಹಾಕಬೇಡ ಎಂದು ಈಗ ಒಳಗೊಳಗೇ ಬೇಡಿಕೊಂಡ.

ಎರಡು ಪಲ್ಟಿಯ ಆ ಮೂರನೆಯ ಚಿಮ್ಮಿಗೆ ಬೀಸು ಏರಿತು. ಸರಳು ಬಿಲ್ಲಿನಂತೆ ಬಾಗಿತು. ತಲೆಕೆಳಗಾಗಿ ತಿರುಗುತ್ತಿದ್ದ ರಾಡೊ ಒಂದು ಗಳಿಗೆ ಕೆಳಗೆ ನೋಡಿದ. ಇಬ್ಬರ ಕಣ್ಣೂ ಕೂಡಿದವು.

ಅವನು ಸರಳು ಬಿಡಲಿಲ್ಲ.

ಸುಮ್ಮನೆ ಒಂದು ಸುತ್ತು ಹಾಕಿದ. ಮತ್ತೊಂದು ಸುತ್ತು ಹಾಕಿ, ಸರಾಗವಾಗಿ ಜಿಗಿದು, ಮೊಳೆ ಹೊಡೆದಂತೆ ನೆಲಕ್ಕೆ ನಿಂತ. ಹಲಗೆಯ ಮೇಲೆ ಅಂಕ ಬಂತು. ಹದಿನಾಲ್ಕೂವರೆಗೆ ಎರಡು ದಶಾಂಶ ಕಡಿಮೆ. ಕ್ರೊಯೇಷಿಯಾದ ಹುಡುಗ ಟವೆಲ್ಲಿನಿಂದ ಮುಖ ಎತ್ತಿ ಅಳತೊಡಗಿದ.

ಅಸೆನ್ ಹಾದುಹೋಗುವಾಗ ಒಂದು ಗಳಿಗೆ ನಿಂತ. "ಹದ್ದು ಅಂತ ತೋರಿಸಿದೆ ಲ್ಯುಬೆನ್, ಕೋಳಿ ಆಯ್ತಲ್ಲ ನಿನ್ನ ಹುಡುಗ" ಎಂದ.

ಹಿಂದಿನ ಕೋಣೆಯಲ್ಲಿ ರಾಡೊ ಅಂಗೈಯ ಚರ್ಮದ ಪಟ್ಟಿ ಬಿಚ್ಚುತ್ತಿದ್ದ. ಹೆದರಿದವನ ಹಾಗೆ ಅವನು ಕಾಣಲೇ ಇಲ್ಲ. ಅದು ಲ್ಯುಬೆನ್‌ಗೆ ಇನ್ನಷ್ಟು ಸಂಕಟ ತಂದಿತು. ಎದುರಿನ ಬೆಂಚಿನ ಮೇಲೆ ಕುಸಿದು ಕುಳಿತ. ಬತ್ತಿಯ ಅಪಶಕುನ ತನ್ನದೇ, ಹುಡುಗನ ಎದೆಗೆ ಭಯ ತುಂಬಿದ್ದು ತಾನೇ ಎಂದೆಲ್ಲ ತೊದಲಿದ.

"ಆ ಮೂರನೇ ಸಲಾನೂ ಬಿಟ್ಟು ಚಿಮ್ಮಬೇಕಿತ್ತು ಮಗಾ. ಬಿದ್ರೂ ಕೆಳಗೆ ನಾನಿದ್ನಲ್ಲ."

ರಾಡೊ ಎದ್ದು ಬಂದು ಮಂಡಿಯೂರಿದ. ಮೇಷ್ಟ್ರ ಜಾಕೆಟ್ಟಿನ ಜೇಬಿನಿಂದ ಅವರ ಬಲಗೈಯನ್ನು ಮೆಲ್ಲಗೆ ಹೊರತೆಗೆದು, ಮೇಲಕ್ಕೆ ಎತ್ತಿದ. ಎದೆಯ ಮಟ್ಟದಲ್ಲಿ ಅದು ನಿಂತುಬಿಟ್ಟಿತು. ಲ್ಯುಬೆನ್ ನೋವಿಗೆ ಹಲ್ಲು ಕಚ್ಚಿದ.

"ಫೆಬ್ರವರಿಯಿಂದ ನೋಡ್ತಾನೇ ಇದ್ದೀನಿ. ಇಷ್ಟೂ ಏಳಲ್ಲ ಅಂತ ಇವತ್ತು ಬೆಳಿಗ್ಗೆ ನೀವು ಬತ್ತಿ ಕೆಳಗಿಟ್ಟಾಗ ಗೊತ್ತಾಯ್ತು" ಎಂದ ರಾಡೊ. "ನಾನು ಬಿದ್ರೆ ಪಕ್ಕಕ್ಕೆ ಸರಿದು ನಿಲ್ಲೋರಲ್ಲ ನೀವು, ಮೇಷ್ಟ್ರೇ. ಈ ಕೈಯಲ್ಲೇ ಹಿಡಿಯೋಕೆ ಬಂದುಬಿಡ್ತಿದ್ರಿ."