ತಂಗುದಾಣದ ಮೊದಲ ಕಲ್ಲು

ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತನೆಂದು ನಿಂಗಾಜಮ್ಮನ ಅಣ್ಣನನ್ನು ಮೇಲಿನ ಕೇರಿಯವರು ಹೊಡೆದು ಕೊಂದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ರಸ್ತೆ ಅಗಲ ಮಾಡುವವರು ಆ ತಂಗುದಾಣವನ್ನು ಒಡೆಯಲು ಬಂದಾಗ, ಪಂಚಾಯ್ತಿ ಅಧ್ಯಕ್ಷೆಯಾಗಿದ್ದ ನಿಂಗಾಜಮ್ಮ ಜೆಸಿಬಿಗೆ ಅಡ್ಡ ನಿಂತಳು. ನನ್ನಣ್ಣ ಸತ್ತ ಜಾಗ ಇದು, ಊರಿನ ಚರಿತ್ರೆ, ಉಳಿಯಲೇಬೇಕು ಎಂದು ಹಟ ಹಿಡಿದಳು. ಅವಳನ್ನು ಒಂದು ದಿನವೂ ಅಧ್ಯಕ್ಷರ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರಗೊಡದ ಮೇಲಿನ ಕೇರಿಯ ಯಜಮಾನರೇ ಈ ಸಲ ಅವಳ ಬೆನ್ನಿಗೆ ನಿಂತರು. ತಂಗುದಾಣ ಉಳಿಯಿತು; ಸೋರುವ ಸೂರಿನ ರಿಪೇರಿಗೆ ಒಪ್ಪಿಗೆಯೂ ಸಿಕ್ಕಿತು.

ರಿಪೇರಿ ಶುರುವಾಗುವ ದಿನ ಮೇಲಿನ ಕೇರಿಯ ಗಂಡಸರೆಲ್ಲ ಬಂದು ಸುತ್ತುವರಿದು ನಿಂತಿದ್ದರು. ಅವಳ ಕೇರಿಗೆ ಯಾರೂ ಹೇಳಿ ಕಳಿಸಿರಲಿಲ್ಲ.

"ಬಾರಮ್ಮಿ ಅಧ್ಯಕ್ಷಮ್ಮ, ಮೊದಲನೇ ಕಲ್ಲು ನೀನೇ ಇಡಬೇಕು" ಎಂದು ಯಜಮಾನರು ಅವಳ ಕೈಗೆ ಗಾರೆ ಮೆತ್ತುವ ಕರಣೆ ಕೊಟ್ಟರು.

"ಸೋರ್ತಿರೋದು ಸೂರಲ್ವಾ ಬುದ್ಧಿ? ನೆಲದ ಮ್ಯಾಲೆ ಯಾಕೆ ಕಲ್ಲು?"

"ಸೂರೂ ಆಯ್ತದೆ. ನಮ್ಮಪ್ಪ ಕಟ್ಟಿಸಿದಾಗ ಹೆಂಗಿತ್ತೋ ಹಂಗೇ ಆಗಬೇಕು. ಚರಿತ್ರೆ ಉಳಿಸೋದು ಅಂದ್ರೆ ಅದೇ ತಾನೆ?"

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಎರಡು ಬೆಂಚುಗಳ ನಡುವೆ ಸುಣ್ಣದ ಗೆರೆ ಎಳೆದದ್ದು ಅವಳಿಗೆ ಆಗ ಕಂಡಿತು.

"ಇಲ್ಲೇನು ಬತ್ತದೆ?"

"ನಡುಗೋಡೆ. ನಿಮ್ಮಣ್ಣನ ಕೇಸಾದಾಗ ಹೆದರಿ ನಾವೇ ಒಡೆಸಿದ್ದು. ಆ ಕಡೆ ನಾವು, ಈ ಕಡೆ ನೀವು. ಬಗ್ಗು, ಇಡು ಕಲ್ಲು."

ನಿಂಗಾಜಮ್ಮ ಕರಣೆಯನ್ನು ಗಾರೆಯೊಳಕ್ಕೆ ಎಸೆದಳು. "ಇಡಕಿಲ್ಲ, ಹೋಗಯ್ಯ."