ಸೊಟ್ಟ ನೀರು

“ನೀರು ಪೋಲಾರ್ ಅಲ್ಲವಂತ! ಒಂದಲ್ಲ, ಎರಡಲ್ಲ, ಮೂರು ಟೆಸ್ಟಿನಾಗೂ ಹಂಗೇ ಬರದಾಳ ನಿಮ್ಮ ಮಗಳು!” ಕೆಮಿಸ್ಟ್ರಿ ಲೆಕ್ಚರರ್ ವಿಜಯಶ್ರೀ ಉತ್ತರಪತ್ರಿಕೆಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಬಡಿದಳು.

ಎದುರಿಗೆ ನಿಂತಿದ್ದ ಗದಿಗೆಮ್ಮ ಬೆಚ್ಚಿದಳು. ಹೈದರಾಬಾದಿನ ಮಾದಾಪುರದಲ್ಲಿ ಏಳುತ್ತಿದ್ದ ಕಂಪ್ಯೂಟರ್ ಕಂಪನಿಯ ಗಾಜಿನ ಕಟ್ಟಡದಲ್ಲಿ ಅವಳಿಗೆ ಕಲ್ಲು, ಸಿಮೆಂಟು ಹೊರುವ ಕೆಲಸ. ಆ ದಿನದ ಕೂಲಿ ಬಿಟ್ಟು ಎರಡು ಬಸ್ಸು ಬದಲಿಸಿ ಬಂದಿದ್ದಳು. ಪಕ್ಕದಲ್ಲಿ ಇಂಟರ್, ಅಂದರೆ ಪಿಯುಸಿ, ಮೊದಲ ವರ್ಷದ ಮಗಳು ಗುರುದೇವಿ ತಲೆ ತಗ್ಗಿಸಿ ನಿಂತಿದ್ದಳು.

“ಪೋಲಾರ್ ಅಂದ್ರ ಏನ್ರೀ ಮೇಡಂ? ಕೆಟ್ಟ ಮಾತೇನ್ರಿ?”

ವಿಜಯಶ್ರೀ ಹಣೆ ಚಚ್ಚಿಕೊಂಡಳು. ರಾಯಚೂರಿನವಳಾದ ಆಕೆ ಇಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷು ತೆಲುಗು ಬೆರೆಸಿ ಪಾಠ ಮಾಡುತ್ತಿದ್ದಳು. ಕನ್ನಡದಲ್ಲಿ ಅಣುವಿನ ಸುದ್ದಿ ಎತ್ತಿದ್ದು ಇದೇ ಮೊದಲು. “ನೋಡವ್ವಾ, ನೀರಿನ ಒಂದು ಕಣದಾಗ ನಡುವ ಆಕ್ಸಿಜನ್, ಅದಕ್ಕ ಅಂಟಿಕೊಂಡು ಎರಡು ಹೈಡ್ರೋಜನ್. ಆಕ್ಸಿಜನ್ ಎಲೆಕ್ಟ್ರಾನ್ ಎಲ್ಲಾ ತನ್ನ ಕಡೆ ಎಳಕೋತೈತಿ. ಅದಕ್ಕ ಒಂದು ಮಗ್ಗಲು ಮೈನಸ್, ಇನ್ನೊಂದು ಮಗ್ಗಲು ಪ್ಲಸ್. ಅದನ್ನೇ ಪೋಲಾರ್ ಅನ್ನೋದು. ನೂರು ಸಲ ಬರಕೊಂಡು ಬಾ ಅಂದ್ರ ಈಕಿ ಬರಿಯಂಗಿಲ್ಲ ಅಂತಾಳ! ಪ್ರಿನ್ಸಿಪಾಲರಿಗೆ ಹೇಳಿ ಸೈನ್ಸ್ ಬಿಡಿಸಿ ಆರ್ಟ್ಸ್‌ಗೆ ಹಾಕಸ್ತೀನಿ, ನನಗ ಸಾಕಾಗೇತಿ.”

ಗದಿಗೆಮ್ಮ ಮಗಳ ರಟ್ಟೆ ಹಿಡಿದು ಅಲುಗಿಸಿದಳು. “ಬರದು ಕೊಟ್ರ ಕೈ ಸವದು ಹೋಗ್ತಾವೇನ?”

“ಬರೀತೀನವ್ವಾ. ಆದ್ರ ಯಾಕ ಅಂತ ಗೊತ್ತಾಗಬೇಕಲ್ಲ.” ಗುರುದೇವಿ ತಲೆ ಎತ್ತಿದಳು. “ಮೇಡಂ, ಕಾರ್ಬನ್ ಡೈಆಕ್ಸೈಡ್ ಯಾಕ ಪೋಲಾರ್ ಅಲ್ರಿ?”

“ಅದು ನೆಟ್ಟಗ ಐತಲ್ಲ! ಎರಡೂ ಕಡೆ ಎಳೆತ ಸಮ, ಎದುರಾಬದುರಾ. ಒಂದಕ್ಕೊಂದು ಹೊಡಕೊಂಡು ಹೋಗಿ ಸೊನ್ನೆ ಆಗತೈತಿ. ಎಷ್ಟು ಸಲ ಹೇಳಿಲ್ಲ?”

“ಭಾಳ ಸಲ ಹೇಳೀರಿ. ನಾನೂ ಅದನ್ನೇ ಬರದೀನ್ರಿ. ನೀರೂ ನೆಟ್ಟಗ ಐತಿ, ಅಲ್ಲೂ ಹೊಡಕೊಂಡು ಹೋಗತೈತಿ ಅಂತ.”

“ನೀರು ನೆಟ್ಟಗ ಐತಿ ಅಂತ ಯಾವ ಪುಣ್ಯಾತ್ಮ ಹೇಳಿದ ನಿನಗ?” ವಿಜಯಶ್ರೀಯ ದನಿ ವರಾಂಡ ದಾಟಿ ಹೋಯಿತು. “ಅದು ಸೊಟ್ಟ ಐತಿ! ಮೊಣಕೈ ಮಡಚಿದಂಗ! ಎರಡೂ ಹೈಡ್ರೋಜನ್ ಒಂದೇ ಮಗ್ಗಲಿಗೆ ವಾಲ್ಯಾವ, ಎಳೆತ ಹೆಂಗ ಹೊಡಕೊಂಡು ಹೋಗತೈತಿ?”

ಗುರುದೇವಿ ಚೀಲದಿಂದ ನೋಟ್‌ಬುಕ್ ತೆಗೆದು, ಜುಲೈ ತಿಂಗಳ ಪುಟ ಬಿಡಿಸಿ ಮೇಜಿನ ಮೇಲಿಟ್ಟಳು. “ನನ್ನ ಹತ್ರ ಪುಸ್ತಕ ಇಲ್ರಿ. ನೀವು ಬೋರ್ಡಿನ ಮ್ಯಾಲ ಬರದದ್ದೇ ಎಲ್ಲಾ.”

ಎಚ್, ಒಂದು ಗೀಟು, ಓ, ಒಂದು ಗೀಟು, ಎಚ್. ಸ್ಕೇಲಿಟ್ಟು ಎಳೆದಷ್ಟು ನೇರ. ಕೆಳಗೆ ವಿಜಯಶ್ರೀಯದೇ ಸಹಿ, ಸರಿ ಎನ್ನುವ ಗುರುತಿನ ಜೊತೆ.

ವಿಜಯಶ್ರೀ ಆ ಪುಟವನ್ನು ಬಹಳ ಹೊತ್ತು ನೋಡಿದಳು. ಸಿಲಬಸ್ ಮುಗಿಸುವ ಅವಸರದಲ್ಲಿ ಪ್ರತಿ ವರ್ಷವೂ ಹಾಗೇ ಎಳೆದುಬಿಡುತ್ತಿದ್ದಳು. ‘ಬೆಂಟ್’, ಸೊಟ್ಟ, ಎಂದು ಬಾಯಲ್ಲಿ ಒಮ್ಮೆ ಹೇಳಿದ್ದಳೋ ಇಲ್ಲವೋ, ಅದೂ ನೆನಪಿಗೆ ಬರಲಿಲ್ಲ. ಇಷ್ಟು ಹೊತ್ತು ಉಕ್ಕುತ್ತಿದ್ದ ಸಿಟ್ಟಿಗೆ ಈಗ ಹೋಗಲು ಜಾಗವಿರಲಿಲ್ಲ. ಪೆನ್ನು ತೆಗೆದು ಉತ್ತರಪತ್ರಿಕೆಯ ಸೊನ್ನೆಯನ್ನು ಹೊಡೆದುಹಾಕಿದಳು.

“ತಪ್ಪು ನಂದವ್ವಾ,” ಎಂದಳು ಮೆಲ್ಲಗೆ.

ಗದಿಗೆಮ್ಮನಿಗೆ ಏನೊಂದೂ ತಿಳಿಯಲಿಲ್ಲ. “ಹಂಗಾದ್ರ ಆರ್ಟ್ಸ್‌ಗೆ ಹಾಕಂಗಿಲ್ಲಲ್ರಿ?”

“ಇಲ್ಲ.”

ತಾಯಿ ಕೈ ಮುಗಿದು ಬಾಗಿಲ ಕಡೆ ತಿರುಗಿದಳು. ಗುರುದೇವಿ ಮಾತ್ರ ಕದಲಲಿಲ್ಲ.

“ಮೇಡಂ, ಕ್ಲಾಸಿನ್ಯಾಗ ಎಲ್ಲಾರೂ ಇದೇ ಚಿತ್ರ ತಕ್ಕೊಂಡಾರ್ರಿ. ಅವರೆಲ್ಲ ಪೋಲಾರ್ ಅಂತ ಹೆಂಗ ಬರದ್ರು?”