ಲೋಡ್ ಗಾಡಿ

ಫೋನಿನ ಚಾರ್ಜರ್ ಕಾದು ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಇವತ್ತಿಗೂ ನನಗೆ ಚನ್ನರಾಯಪಟ್ಟಣದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಂದು ಸ್ಕೂಲು ಬೇಗ ಬಿಟ್ಟಿತ್ತು. ಬಾಗಿಲು ತಳ್ಳಿದರೆ ವಿಡಿಯೊ ಗೇಮಿನ ಅಡಾಪ್ಟರ್ ಕಾದು ಅದೇ ವಾಸನೆ. ಟೀವಿಯ ಮುಂದೆ ಕೂತಿದ್ದ ಅಪ್ಪ ನನ್ನ ವಿಡಿಯೊ ಗೇಮಿನ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಒತ್ತುತ್ತಿದ್ದ. ತೆಂಗಿನಕಾಯಿ ಲಾರಿ ಓಡಿಸುತ್ತಿದ್ದವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಕೈಗೆ ಶಕ್ತಿ ಬರಲಿ, ಹಿಸುಕುತ್ತಿರು ಎಂದು ಅವ್ವ ಕೆಲಸಕ್ಕೆ ಹೋಗುವಾಗ ಕೊಟ್ಟುಹೋಗಿದ್ದ ರಬ್ಬರ್ ಚೆಂಡು ಮಂಚದಡಿ ಧೂಳು ಹಿಡಿದಿತ್ತು.

ನನ್ನನ್ನು ಕಂಡು ತಲೆ ತಗ್ಗಿಸಿದ. "ನಿಮ್ಮವ್ವಂಗೆ ಏಳ್ಬ್ಯಾಡ ಕಣವ್ವ. ನೀವಿಬ್ರೂ ಅತ್ಲಾಗೆ ಓಗ್ತಿದ್ದಂಗೆ ದಿನಾ ನಂಗಿದೇ ಕೆಲ್ಸ."

ಪಕ್ಕದಲ್ಲಿ ಕೂತೆ. ಕಾರ್ ರೇಸಿನ ಆಟ. ಅಪ್ಪನ ಕಾರು ರಸ್ತೆಯ ಎಡಬದಿಯಲ್ಲಿ ತೆವಳುತ್ತಿತ್ತು. ಹಿಂದಿನಿಂದ ಬಂದ ಒಂದೊಂದು ಕಾರಿಗೂ ಸೈಡ್ ಕೊಡುತ್ತಿದ್ದ.

"ಜೋರಾಗಿ ಓಡ್ಸಪ್ಪ, ಸೋತೋಯ್ತೀಯ" ಅಂದೆ.

"ಲೋಡ್ ಗಾಡಿ ಕಣವ್ವ. ತಿರುವಲ್ಲಿ ಅಂಗೆಲ್ಲಾ ಎಳುದ್ರೆ ಪಲ್ಟಿ ಒಡೀತದೆ. ಅವ್ರುನ್ನೆಲ್ಲ ಹಿಂದಾಕಿ ನಂಗೇನಾಗ್ಬೇಕು."

ಇನ್ನೊಂದು ಕಾರಿಗೆ ಸೈಡ್ ಕೊಟ್ಟು ಕೇಳಿದ, "ಈ ರೋಡು ಯಾವೂರಿಗೆ ಓಯ್ತದೆ?"

"ಯಾವೂರಿಗೂ ಇಲ್ಲ. ಸುತ್ತಾಕ್ಕೊಂಡು ಮತ್ತೆ ಇಲ್ಲಿಗೇ ಬತ್ತದೆ."

ಅಷ್ಟರಲ್ಲಿ ಆಟದ ಟೈಮ್ ಮುಗಿದು, ತಿರುವಿನಲ್ಲಿ ನಡುರಸ್ತೆಗೆ ಬಂದಿದ್ದ ಕಾರು ಅಲ್ಲೇ ನಿಂತುಬಿಟ್ಟಿತು. "ಮುಗೀತು, ಬಿಡಪ್ಪ" ಅಂದೆ.

ಅವನು ಎಡಗಡೆಯ ಬಟನ್ನನ್ನು ಒತ್ತುತ್ತಲೇ ಇದ್ದ.

"ಸೈಡಿಗಾದ್ರೂ ಆಕ್ತೀನಿ ತಡಿ" ಅಂದ.